ಗ್ಯಾಸ್ ಗುಂಡಿಗೆ ಬಿದ್ದ ಉಪ್ಪುನೀರು

ಹೋದ ವಾರ ಮೈಸೂರಿನ ಹೋಟೆಲೊಂದರಲ್ಲಿ ಎಲೆಯ ತುದಿಗೆ ಮಾವಿನ ಉಪ್ಪಿನಕಾಯಿ ಬಡಿಸಿದರು. ಸಾಸಿವೆಯ ಘಾಟು ಮೂಗಿಗೆ ಬಡಿದದ್ದೇ ತಡ, ಕಲಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟೆ. ಇಪ್ಪತ್ತೈದು ವರ್ಷದ ಹಿಂದಿನ ಉಪ್ಪಿನಕಾಯಿ ಅಕ್ಕ ನೆನಪಾದರು...

ಆಗ ನಾನು ನಂಜನಗೂಡು ಕಡೆಯ ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಕಟ್ಟಿಸುವ ಸೂಪರ್‌ವೈಸರ್. ಬಗಲಲ್ಲಿ ಫೈಲು, ಬಾಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ. ಹುಲ್ಲಹಳ್ಳಿಯ ಆಚೆ ಅಕ್ಕನ ಊರು. ಪೀಪಾಯಿಗಟ್ಟಲೆ ಮಾವಿನಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಉಪ್ಪಿನಕಾಯಿ ಮಾಡಿ ಸಂತೆಗೆ ಕಳಿಸುತ್ತಿದ್ದರು. ಒಲೆಯ ಹೊಗೆಗೆ ಎದೆ ಕೆಟ್ಟು, ನಾಲ್ಕು ಮಾತಾಡಿದರೆ ಕೆಮ್ಮು. ಸೌದೆ ಒಲೆ ಬಿಡಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ ಗಂಡನನ್ನು ಕಾಡಿ ಬೇಡಿ ಗ್ಯಾಸ್ ಹಾಕಿಸಿಕೊಂಡಿದ್ದರು.

ಮಾವಿನಕಾಯಿ ತೆಗೆದ ಮೇಲೆ ಉಳಿಯುವ ಉಪ್ಪುನೀರೇ ಅವರಿಗೆ ತಲೆನೋವು. ಹಿತ್ತಲಿಗೆ ಸುರಿದರೆ ಗಿಡ ಸಾಯುತ್ತದೆ, ಬೀದಿಗೆ ಸುರಿದರೆ ಜಗಳ.

"ಸಾ, ಈ ಉಪ್ನೀರ್ನ ಸಗಣಿ ಜೊತೆ ಕಲ್ಸಿ ಗುಂಡಿಗೆ ಬುಟ್ರೆ ಏನಾರ ಆಯ್ತದಾ?"

"ಏನೂ ಆಗಲ್ಲ, ಸುರೀರಕ್ಕ," ಎಂದೆ. ಗೊತ್ತಿಲ್ಲ ಎನ್ನುವ ಮಾತು ಆ ವಯಸ್ಸಿನಲ್ಲಿ ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ.

ತಿಂಗಳೊಳಗೆ ಉರಿ ಕುಗ್ಗಿತು. ಆಮೇಲೆ ಕಡ್ಡಿ ಗೀರಿದರೂ ಹತ್ತಲಿಲ್ಲ. ಅಕ್ಕ ಎರಡರಷ್ಟು ಸಗಣಿ ಕಲಸಿ ಹಾಕಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಮೈಸೂರಿನಿಂದ ನಮ್ಮ ಸಾಹೇಬರೇ ಬಂದರು. ಉಪ್ಪುನೀರಿನ ಸುದ್ದಿ ಕೇಳಿ ತಲೆ ಚಚ್ಚಿಕೊಂಡರು.

"ಉಪ್ಪಿನಕಾಯಿ ಕೊಳೆಯಲ್ಲ ಯಾಕೆ ಹೇಳಿ? ಉಪ್ಪು ಜೀವಾಣುಗಳನ್ನ ತಡೆಯುತ್ತೆ. ಗ್ಯಾಸ್ ಮಾಡೋದೂ ಜೀವಾಣುಗಳೇ ಕಣಮ್ಮ, ಬಹಳ ಸೂಕ್ಷ್ಮ. ಒಂಚೂರು ಉಪ್ಪಿಗಾದ್ರೆ ನಿಧಾನಕ್ಕೆ ಒಗ್ಗಿಕೊಳ್ತವೆ. ಕೊಡಗಟ್ಟಲೆ ಸುರಿದ್ರೆ ಎಲ್ಲಿ ಬದುಕ್ತವೆ? ಗುಂಡಿ ಖಾಲಿ ಮಾಡಿ ಹೊಸದಾಗಿ ತುಂಬಬೇಕು. ಸುರಿ ಅಂತ ಯಾರು ಹೇಳಿದ್ದು? ನಮ್ಮೋರಾದ್ರೆ ನಾವೇ ಮಾಡಿಸಿಕೊಡ್ತೀವಿ."

ಅಕ್ಕ ನನ್ನ ಮುಖ ನೋಡಿದರು. ನನ್ನದು ಇನ್ನೂ ಕಾಯಂ ಆಗದ ಕೆಲಸ. ನಾನು ಬಗ್ಗಿ ಪೈಪಿನ ವಾಲ್ವ್ ತಿರುಗಿಸುತ್ತ ಕೂತೆ.

"ಯಾರೂ ಏಳ್ನಿಲ್ಲ ಸಾ... ನಂದೇ ದಡ್ಡತನ," ಎಂದರು.

ಆ ಕ್ಷಣ ನನಗೆ ಹಾಯೆನಿಸಿತು. ಆ ನಿರಾಳವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ. ಸಾಲದ್ದಕ್ಕೆ, ಫಲಾನುಭವಿಯ ತಪ್ಪು ಎಂದು ವರದಿಯನ್ನೂ ನಾನೇ ಬರೆದೆ. "ಕೆಡ್ಸ್ದೋಳು ಅವ್ಳೇ, ಒಲೆ ಊದ್ಲಿ ಬುಡಿ," ಎಂದು ಗಂಡ ಗುಂಡಿಗೆ ಚಪ್ಪಡಿ ಎಳೆಸಿಬಿಟ್ಟ. ನನ್ನನ್ನು ತಿರುಮಕೂಡಲಿಗೆ ಹಾಕಿದರು. ಅಲ್ಲಿಂದ ಅಕ್ಕನ ಊರೇನು ದೂರವಲ್ಲ. ಬಸ್ಸಿತ್ತು, ಬೈಕಿತ್ತು, ಭಾನುವಾರಗಳಿದ್ದವು... ಹೋಗಲಿಲ್ಲ.

ಹೋಟೆಲಿನಿಂದ ಬಂದ ಮಾರನೆಯ ದಿನ ಹೋದೆ. ಬಾಗಿಲಿಗೆ ಬಂದವಳು ಅಕ್ಕನ ಸೊಸೆ. ಯಾರೆಂದು ಹೇಳಿಕೊಂಡೆ.

"ಓ, ಗ್ಯಾಸ್ ಸಾರಾ? ಅತ್ತೆ ಓಗಿ ಬಾಳ ವರ್ಸ ಆಯ್ತು ಸಾ. ಎದೆ ಕಟ್ಕಂಡು ಉಸ್ರಾಡಕ್ಕಾಗ್ದೆ ಓದ್ರು. ನಿಮ್ನ ನೆನಿತಾನೇ ಇದ್ರು. ಆ ಉಡ್ಗಂದು ಕೆಲ್ಸ ಪರ್ಮನೆಂಟ್ ಆಯ್ತೋ ಇಲ್ವೋ ಅಂತ."

"ಆಯ್ತಮ್ಮ," ಎಂದೆ. ಅಷ್ಟನ್ನು ಬಿಟ್ಟು ಆಗಲೂ ನಾನು ಇನ್ನೇನನ್ನೂ ಹೇಳಲಿಲ್ಲ.