ಕೂಲಿಯಾಳಿಗೆ ನಾನಿಟ್ಟ ಹೆಸರು

ಕಲಬುರಗಿಯಲ್ಲಿ ಕಂಪ್ಯೂಟರ್ ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ನೋಡುವ ವಸ್ತುವಾಗಿದ್ದ ಕಾಲ ಅದು. ಬ್ರಹ್ಮಪುರದ ನಮ್ಮ ಓಣಿಯ ತುದಿಯಲ್ಲಿ ಸಲೀಂ ಭಾಯ್ ನಾಲ್ಕು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿಟ್ಟಿದ್ದರು. ಬೇಸಿಗೆ ರಜೆಯೆಲ್ಲ ನಾವು ಅಲ್ಲೇ. ಕೂಲರಿನ ಒದ್ದೆ ಹುಲ್ಲಿನ ವಾಸನೆಗೆ ಪಕ್ಕದ ಅಂಗಡಿಯ ಮಿರ್ಚಿ ಭಜಿಯ ಘಾಟು ಬೆರೆತಿರುತ್ತಿತ್ತು.

ಆಡುತ್ತಿದ್ದದ್ದು ಯುದ್ಧದ ಆಟ. ನಾಲ್ವರು ಹುಡುಗರು, ನಾಲ್ವರು ರಾಜರು. ಕೂಲಿಯಾಳುಗಳಿಂದ ಕಟ್ಟಿಗೆ ಕಡಿಸಿ, ಕಲ್ಲು ಒಡೆಸಿ, ಕೋಟೆ ಕಟ್ಟಿಸಿ ಉಳಿದವರ ಮೇಲೆ ದಂಡೆತ್ತಿ ಹೋಗಬೇಕು. ಹಳ್ಳ ಎಲ್ಲಿ, ಗುಡ್ಡ ಎಲ್ಲಿ, ಯಾರ ಕೋಟೆ ಎಲ್ಲಿ ಎಂದು ನಾವೇ ಮ್ಯಾಪ್ ಮಾಡಿಕೊಳ್ಳಲೂ ಬರುತ್ತಿತ್ತು. ಅದರಲ್ಲಿ ನಾನೇ ಉಸ್ತಾದ. ನನ್ನ ಮ್ಯಾಪುಗಳಲ್ಲಿ ಚಿನ್ನದ ಗಣಿ ಯಾವಾಗಲೂ ನನ್ನ ಕೋಟೆಯ ಬಳಿಯೇ ಇರುತ್ತಿತ್ತು.

ಆ ರಜೆಗೆ ಕಮಲಾಪುರದಿಂದ ಗೌತಮ ನಮ್ಮ ಓಣಿಯಲ್ಲಿದ್ದ ತನ್ನ ಅತ್ತೆಯ ಮನೆಗೆ ಬಂದ. ವಾರದಲ್ಲಿ ನನಗೆ ಜೀವದ ಗೆಳೆಯನಾದ. ನಾನೇ ಅವನಿಗೆ ಮ್ಯಾಪ್ ಮಾಡುವುದನ್ನು ಕಲಿಸಿದೆ. ಅವನು ತನ್ನೂರನ್ನೇ ಮಾಡಿದ. ಗುಡ್ಡ ಇಳಿಯುವ ದಾರಿ, ಕೆಂಪು ಮಣ್ಣು, ತೋಟದ ನಡುವಿನ ಕಾಲುವೆ. ನಾಲ್ವರಿಗೂ ನೀರು, ಕಾಡು, ಚಿನ್ನ ಸರಿಸಮ.

"ವಾಹ್, ಇದಕ್ಕ ಮ್ಯಾಪ್ ಅಂತಾರ!" ಎಂದರು ಸಲೀಂ ಭಾಯ್. ನನ್ನ ಕಡೆ ತಿರುಗಿ, "ಉಸ್ತಾದ್, ಇನ್ನ ನಿಂದು ದುಕಾನ್ ಬಂದ್!"

ಎಲ್ಲರೂ ನಕ್ಕರು. ಮುಂದೆ ನನ್ನ ಮ್ಯಾಪನ್ನು ಯಾರೂ ತೆರೆಯಲಿಲ್ಲ.

"ಐತವಾರ ನಮ್ಮಪ್ಪಗ ಕರ್ಕೊಂಡು ಬರ್ತೀನಿ," ಎಂದ ಗೌತಮ. "ಕಂಪ್ಯೂಟರ್ ಅಂದ್ರ ಹೊತ್ತು ಹಾಳು ಅಂತಾನ. ಅಂವ ದುಡಿಯೋ ತ್ವಾಟ ಇದರಾಗ ತೋರಸ್ಬೇಕು."

ಅವನ ಅಪ್ಪ ಭೀಮಶಾ ಬೇರೆಯವರ ತೋಟದಲ್ಲಿ ಬಾಳೆಗೊನೆ ಹೊರುವ ಕೂಲಿ.

ಶನಿವಾರ ಮಧ್ಯಾಹ್ನ ಯಾರೂ ಇಲ್ಲದಾಗ ಆಟದ ಹೆಸರುಗಳಿದ್ದ ಫೈಲು ತೆರೆದೆ. ಕೂಲಿಯಾಳು ಎಂದಿದ್ದಲ್ಲಿ ಇಂಗ್ಲಿಷಿನಲ್ಲಿ ಭೀಮಶಾ ಎಂದು ಬರೆದೆ. ನಾಲ್ಕೂ ಕಂಪ್ಯೂಟರಿನಲ್ಲಿ. ಹೆಸರಿಗಾಗಿ ಯೋಚಿಸಲೇ ಇಲ್ಲ. ಅಂಥ ಕೂಲಿಯವರನ್ನು ನಮ್ಮ ಆಚಾರ್ರ ಮನೆಯಲ್ಲಿ ಹೆಸರಿಗೆ 'ಲೇ' ಹಚ್ಚಿ ಹೇಗೆ ಕೂಗುತ್ತಿದ್ದರೆಂದು ಕೇಳಿಯೇ ಬೆಳೆದವನು ನಾನು.

ಭಾನುವಾರ ಭೀಮಶಾ ಒಗೆದ ಧೋತರ, ಬಿಳಿ ಟೋಪಿಯಲ್ಲಿ ಬಂದರು. ಪೇಪರಿನಲ್ಲಿ ಸುತ್ತಿದ ಕೆಂಪು ಬಾಳೆಹಣ್ಣು ಬೇರೆ. ಆಟ ಶುರುವಾಯಿತು. ಯಾವ ಕೂಲಿಯಾಳನ್ನು ಒತ್ತಿದರೂ ಅದೇ ಹೆಸರು.

"ಏ ಭೀಮಶಾ, ಕಟ್ಟಿಗಿ ಕಡೀಲೇ!" ಎಂದ ಒಬ್ಬ ಹುಡುಗ.

"ನನ್ನ ಭೀಮಶಾ ಸತ್ತ, ಬ್ಯಾರೆ ಭೀಮಶಾ ತರ್ಸ್ತೀನಿ!" ಎಂದ ಇನ್ನೊಬ್ಬ.

ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ.

"ನನ್ನ ಹೆಸರ್ಯಾಕೋ ಕರೀಲಾಕತ್ತಾರ?" ಎಂದು ಭೀಮಶಾ ಮಗನನ್ನು ಕೇಳಿದರು.

ಗೌತಮ ಮೌಸಿನಿಂದ ಕೈ ತೆಗೆದ. ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ ಅಂದ: "ನಾವೇ ಇಟ್ಟೀವಪ್ಪ. ಊರು ಕಟ್ಟೋರಿಗೆಲ್ಲ ನಿನ್ನ ಹೆಸರು."

"ಹೌದೇನು? ಇಷ್ಟು ಮಂದಿಗೂ?" ಅವರ ಮುಖ ಅರಳಿತು. ಹಣ್ಣು ಬಿಡಿಸಿ ಮೊದಲು ನನ್ನ ಕೈಗೇ ಕೊಟ್ಟರು. "ತಿನ್ರಿ ಸಣ್ಣ ಆಚಾರ್ರೆ, ನಮ್ಮ ತ್ವಾಟದ್ದು."

ತಿಂದೆ.

ಮರುದಿನ ನಾಲ್ಕೂ ಕಂಪ್ಯೂಟರಿನಲ್ಲಿ ಗೌತಮನ ಕಮಲಾಪುರದ ಮ್ಯಾಪ್ ಇರಲಿಲ್ಲ. "ಹುಡುಗ ಬೆಳಿಗ್ಗೆ ಬಂದು ತಾನೇ ಅಳಿಸಿ ಊರಿಗೆ ಹೋದ. ಏನಾತೋ?" ಎಂದು ಸಲೀಂ ಭಾಯ್ ಕೇಳಿದರು. "ಗೊತ್ತಿಲ್ರೀ ಭಾಯ್," ಎಂದೆ.

ಗೌತಮ ಮತ್ತೆ ಬರಲಿಲ್ಲ. ಹತ್ತನೆಯ ತರಗತಿಗೇ ಓದು ಬಿಟ್ಟ ನನಗೆ ಅಂಥ ಗೆಳೆಯ ಮುಂದೆ ಸಿಗಲಿಲ್ಲ. ಗಡ್ಡ ಬೆಳ್ಳಗಾದ ಮೇಲೆ, ಹೋದ ವರ್ಷ, ಕ್ಷಮೆ ಕೇಳಲೆಂದು ಕಮಲಾಪುರದಲ್ಲಿ ಬಸ್ಸಿಳಿದೆ. ಅವನು ಊರು ಬಿಟ್ಟು ಬಹಳ ವರ್ಷವಾಗಿತ್ತು. ಭೀಮಶಾ ತೀರಿಕೊಂಡಿದ್ದರು.

"ಮಗ ಕಂಪ್ಯೂಟರಿನ್ಯಾಗ ಊರು ಕಟ್ಟಿ, ಎಲ್ಲಾ ಮಂದಿಗೂ ನಂದೇ ಹೆಸರು ಇಟ್ಟಾನ ಅಂತ ಭೀಮಶಾ ಸಾಯೋತನಾ ಹೇಳ್ತಿದ್ದ ನೋಡ್ರಿ," ಎಂದ ಅವರ ಜೊತೆ ದುಡಿದಿದ್ದ ತೋಟದ ಮುದುಕ. "ಖರೇನ್ರೀ ಅದು?"

"ಖರೆ," ಎಂದೆ.