ನೆರೆಯ ಮೇಲೆ ಹೊರಿಸಿದ ತಪ್ಪು

ಆ ವರದಿಯಲ್ಲಿ ನಾನು ಬರೆದದ್ದು ಸುಳ್ಳು. ‘ನೆರೆಯಿಂದಾಗಿ ಹೊಳೆಯ ತಳದ ಪದರಗಳು ಕಲಸಿಹೋಗಿವೆ, ಮಾಲಿನ್ಯ ಯಾವಾಗ, ಎಲ್ಲಿಂದ ಬಂತೆಂದು ಹೇಳಲು ಸಾಧ್ಯವಿಲ್ಲ’ — ಈ ವಾಕ್ಯ ನನ್ನದು, ಕೆಳಗಿನ ಸಹಿಯೂ ನನ್ನದು. ಪದರಗಳು ಕಲಸಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹಲಸೂರಿನ ಒಂದು ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷಿಸುವ ಕೆಲಸ ನನ್ನದು. ಇನ್ನೂ ಕಾಯಂ ಆಗಿರಲಿಲ್ಲ. ಕೆ.ಆರ್. ಪುರದಾಚೆ ಹೊಳೆಯ ದಂಡೆಯಲ್ಲಿ ಸೊಪ್ಪು ಬೆಳೆದು ರಸೆಲ್ ಮಾರುಕಟ್ಟೆಗೆ ತರುತ್ತಿದ್ದ ಅಕ್ಕಯ್ಯಮ್ಮ ಎಂಬವರು ದೂರು ಕೊಟ್ಟಿದ್ದರು: ಮೇಲುಗಡೆಯ, ಲೋಹಕ್ಕೆ ಕ್ರೋಮಿಯಂ ಲೇಪ ಹಾಕುವ ಪ್ಲೇಟಿಂಗ್ ಕಾರ್ಖಾನೆ ಹೊಳೆಗೆ ವಿಷದ ನೀರು ಬಿಡುತ್ತಿದೆ, ಅದರಲ್ಲಿ ನಿಂತು ಸೊಪ್ಪು ತೊಳೆದರೆ ಕಾಲು ಹುಣ್ಣಾಗುತ್ತದೆ. ಕಾರ್ಖಾನೆಯವರ ಉತ್ತರ ಸುಲಭವಾಗಿತ್ತು — ಹಿಂದಿನ ಮಳೆಗಾಲದಲ್ಲಿ ನೆರೆ ಬಂದಿತ್ತಲ್ಲ, ಊರಿನ ಕೊಳೆಯನ್ನೆಲ್ಲ ಅದೇ ತಂದು ಹಾಕಿದೆ.

ಯಾರ ಮಾತು ನಿಜವೆಂದು ಹೊಳೆಯ ಕೆಸರು ನೋಡಿದರೆ ತಿಳಿಯುತ್ತದೆ. ಕೆಸರು ವರ್ಷದ ಮೇಲೆ ವರ್ಷ ತಳದಲ್ಲಿ ಕೂರುತ್ತದೆ. ಉದ್ದನೆಯ ಕೊಳವೆ ಇಳಿಸಿ ಮೇಲೆತ್ತಿದರೆ ಆ ವರ್ಷಗಳು ಅದೇ ಸಾಲಿನಲ್ಲಿ ಮೇಲೆ ಬರುತ್ತವೆ. ನಾವು ಎರಡು ಕಡೆ ಕೊಳವೆ ಇಳಿಸಿದೆವು, ಕಾರ್ಖಾನೆಯ ಚರಂಡಿ ಸೇರುವ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು. ಸುತ್ತಿಗೆಯ ಏಟಿಗೆ ಕೊಳವೆ ಓಲದಂತೆ ತಬ್ಬಿ ಹಿಡಿದವರು ಅಕ್ಕಯ್ಯಮ್ಮನೇ — ಮೊಣಕಾಲುದ್ದ ಅದೇ ನೀರಿನಲ್ಲಿ ನಿಂತು.

ಪ್ರಯೋಗಾಲಯದಲ್ಲಿ ಕೊಳವೆಗಳನ್ನು ಸೀಳಿದೆ. ಎರಡರಲ್ಲೂ ನೆರೆ ಬಿಟ್ಟುಹೋದ ಮರಳು ಎರಡು ಬೆರಳು ದಪ್ಪ ಇತ್ತು. ಮೇಲಿನ ಜಾಗದ ಕೊಳವೆಯಲ್ಲಿ ಮರಳಿನಡಿ ಬರೀ ಕಂದು ಜೇಡಿ. ಕೆಳಗಿನದರಲ್ಲಿ ಮರಳಿನಡಿ ಒಂದು ಗೇಣು ಕಪ್ಪು ಕೆಸರು, ಗೆರೆಗೆರೆಯಾಗಿ, ತುಂಬ ಕ್ರೋಮಿಯಂ. ನೆರೆ ಮೇಲ್ಪದರದ ಒಂದೆರಡು ವರ್ಷಗಳ ಕೆಸರನ್ನು ಕೊಚ್ಚಿಕೊಂಡು ಹೋಗಿದ್ದೀತು. ಆದರೆ ತಾನು ತಂದದ್ದನ್ನು ತನ್ನದೇ ಮರಳಿನ ಅಡಿಗೆ ಗೆರೆಗೆರೆಯಾಗಿ ಜೋಡಿಸಿ ಹೋಗುವ ನೆರೆ ಎಲ್ಲಿದೆ? ವಿಷ ನೆರೆಗಿಂತ ಎಷ್ಟೋ ವರ್ಷ ಮೊದಲಿನದು. ಅಕ್ಕಯ್ಯಮ್ಮ ಹೇಳಿದ್ದು ನಿಜ.

ನಮ್ಮ ಮುಖ್ಯಸ್ಥರು ನನ್ನ ಕರಡನ್ನು ಓದಿ, ಮಡಚಿ ಹಿಂದಕ್ಕೆ ಕೊಟ್ಟರು. “ನೆರೆ ಬಂದಿತ್ತು ಅಂತ ಬರೀರಿ, ಸಾಕು. ನೆರೆ ಬಂದಿದ್ದು ಸುಳ್ಳಲ್ವಲ್ಲ.” ಆಮೇಲೆ, ನನ್ನ ಕಾಯಂ ಆದೇಶ ಆ ತಿಂಗಳೇ ಬರಲಿದೆಯೆಂದೂ ಹೇಳಿದರು. ನಾನು ಬರೆದೆ.

ಅವರು ಬರೆಸಿದರು, ಪಾಪ ನೀನೇನು ಮಾಡುತ್ತೀ — ಈ ಮಾತನ್ನು ಆಪ್ತರು ಹೇಳಿದ್ದಾರೆ. ಬೇಡ. ಆ ಪಾಪ ನನಗೆ ಬೇಡ. ಯಾಕೆಂದರೆ ಮುಂದೆ ನಡೆದದ್ದನ್ನು ಯಾರೂ ಮಾಡಿಸಲಿಲ್ಲ.

ದೂರು ಬಿದ್ದುಹೋದ ಮೇಲೆ ಅಕ್ಕಯ್ಯಮ್ಮ ಹಲಸೂರಿಗೆ ನನ್ನನ್ನೇ ಹುಡುಕಿಕೊಂಡು ಬಂದರು. ಜಗಳಕ್ಕಲ್ಲ. ಕೈಯಲ್ಲಿ ಎರಡು ಕಟ್ಟು ದಂಟಿನ ಸೊಪ್ಪು. ವರದಿಯ ಬಗ್ಗೆ ತಕರಾರು ಎತ್ತದೆ, ವಿಷ ನೆರೆಯದಂತೆ, ನೆರೆ ಹೋಗಿ ವರ್ಷವಾಯಿತಲ್ಲ, ಇನ್ನು ಆ ನೀರಿಗೆ ಇಳಿಯಬಹುದಾ ಎಂದು ಕೇಳಿದರು. ಬಾಗಿಲಲ್ಲಿ ನಾವಿಬ್ಬರೇ. ‘ಇಳೀಬೇಡಿ’ ಅನ್ನಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಂದಿದ್ದರೆ ಯಾಕೆ ಅನ್ನುತ್ತಿದ್ದರು, ಆಗ ನಾನು... ನಾನು ಹೇಳಿದ್ದು ಇಷ್ಟು:

“ನೆರೆ ಹೋಯ್ತಲ್ಲಮ್ಮ. ಇನ್ನೇನೂ ಆಗಲ್ಲ.”

ಅವರು ಮತ್ತೆ ಎಂಟು ವರ್ಷ ಆ ನೀರಿನಲ್ಲಿ ನಿಂತರು.

ಕಳೆದ ತಿಂಗಳು ಕಮ್ಮನಹಳ್ಳಿಯಲ್ಲಿ ಮಗಳ ಮನೆಯಲ್ಲಿರುವ ಅವರನ್ನು ಹುಡುಕಿಕೊಂಡು ಹೋದೆ. ಎರಡೂ ಪಾದಕ್ಕೆ ಪಟ್ಟಿ ಸುತ್ತಿತ್ತು. ಮಂಚದಿಂದ ಬಾಗಿಲಿಗೆ ಗೋಡೆ ಹಿಡಿದು ಬಂದರು. ನಾನು ಏನನ್ನೂ ಬಿಡದೆ ಹೇಳಿದೆ — ಮರಳು, ಕಪ್ಪು ಕೆಸರು, ಸಹಿ, ಬಾಗಿಲಲ್ಲಿ ಆಡಿದ ಮಾತು. ಮಗಳು ಎದ್ದು ಒಳಗೆ ಹೋದಳು. ಅಕ್ಕಯ್ಯಮ್ಮ ಪಾದದ ಪಟ್ಟಿಯನ್ನು ಸರಿಮಾಡಿಕೊಂಡು ಹೇಳಿದರು:

“ನಿಮ್ಮ ಕಾಗದ ನಾನು ಓದ್ಲಿಲ್ಲಮ್ಮ, ನಂಗೆ ಓದಕ್ಕೆ ಬರಲ್ಲ. ನಿಮ್ಮ ಮಾತು ನಂಬ್ದೆ.”

ಆಮೇಲೆ, “ಈಗ ಹೇಳಿದ್ದನ್ನ ಬರ್ದು ಕೊಡಿ. ನನ್ನ ಹೆಸ್ರೂ ಹಾಕಿ” ಅಂದರು.

ಬರೆದುಕೊಟ್ಟಿದ್ದೇನೆ, ನನ್ನ ಹಳೆಯ ಟಿಪ್ಪಣಿಗಳ ಪ್ರತಿ ಸಮೇತ. ಅಂದು ದೂರನ್ನು ತಳ್ಳಿಹಾಕಿದ ಕಚೇರಿಗೂ ಒಂದು ಪ್ರತಿ ಕಳಿಸಿದ್ದೇನೆ. ನಿವೃತ್ತರಾಗಿರುವ ಮುಖ್ಯಸ್ಥರು ಫೋನ್ ಮಾಡಿ, ಆ ಕಾರ್ಖಾನೆ ಮುಚ್ಚಿ ಕಾಲವಾಯಿತು, ಸತ್ತ ವಿಷಯ ಕೆದಕಬೇಡ ಎಂದರು. ಕೆಲಸ ಹೋಗಬಹುದು ಎಂದೂ ನೆನಪಿಸಿದರು. ಹೋಗಲಿ. ಸುಳ್ಳು ಬರೆದು ಪಡೆದ ಕುರ್ಚಿ ಅದು. ವಿಚಾರಣೆಗೆ ಕರೆದರೆ ಹೋಗುತ್ತೇನೆ, ಕರೆಯದಿದ್ದರೆ ನಾನೇ ಬಾಗಿಲು ತಟ್ಟುತ್ತೇನೆ. ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಅಕ್ಕಯ್ಯಮ್ಮ ಕ್ಷಮಿಸಿದೆ ಅನ್ನಲಿಲ್ಲ. ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಇನ್ನು ಹೊರಡಿ ಎಂದರು.