ಹತ್ತಬಾರದ ನಿಚ್ಚಣಿಕೆ

ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಓಣಿಯ ಉದ್ಧಾರ ಕೈಮೀರಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ ಓಣಿಯ ಬಾಯಿಗೆ ಹೊಸದಾಗಿ ನಿಲ್ಲಿಸಿದ್ದ ಪ್ರಾಚೀನ ಹೆಬ್ಬಾಗಿಲು. ಅದರ ನೆತ್ತಿಯ ಮೇಲೊಂದು ಗಡಿಯಾರವಿತ್ತು. ದೀಪಗಳ ತಾಲೀಮಿಗೆಂದು ಯಾರೋ ಸ್ವಿಚ್ ಒತ್ತಿದರು, ದೀಪ ಹತ್ತಲಿಲ್ಲ, ಗಡಿಯಾರ ಅಲ್ಲಿಗೇ ನಿಂತಿತು. ಹತ್ತಿಕೊಂಡದ್ದು ಪಕ್ಕದ ಅಂಗಡಿಯ ತಟ್ಟಿಗಳು.

ಪುಣೆಯ ಹಳೆ ಪೇಠೆಯಲ್ಲಿ ನಮ್ಮದು ಬಿದಿರಿನವರ ಓಣಿ. ಬುಟ್ಟಿ, ಮೊರ, ತಟ್ಟಿ, ನಿಚ್ಚಣಿಕೆ ಬಿಟ್ಟರೆ ಇಲ್ಲಿ ಬೇರೆ ವ್ಯಾಪಾರವಿಲ್ಲ. ನಿಚ್ಚಣಿಕೆಯ ಅಂಗಡಿಯೊಂದರ ಮಾಳಿಗೆಯಲ್ಲಿ ನಾನು, ನನ್ನ ಗಂಡ, ಅತ್ತೆ ಬಾಡಿಗೆಗೆ ಇದ್ದೇವೆ. ಕೆಳಗಿನ ಅಂಗಡಿಯವನ ಅಜ್ಜ ಕಲಬುರ್ಗಿ ಕಡೆಯಿಂದ ಬಂದವನಂತೆ. ಮೊಮ್ಮಗನಿಗೆ ಉಳಿದಿರುವುದು ಮರಾಠಿ ಬೆರೆತ ಕನ್ನಡ, ಜೊತೆಗೆ ಗಿರಾಕಿಗೆ ಟೋಪಿ ಹಾಕುವುದರಲ್ಲಿ ಚೆನ್ನಾಗಿ ಪಳಗಿದ ಕೈ.

ಹೋದ ವರ್ಷ ಪರಂಪರೆ ಉಳಿಸುವ ಸಮಿತಿಯೊಂದು ನಮ್ಮನ್ನು ಕಂಡುಹಿಡಿಯಿತು. ಅದರ ಅಧ್ಯಕ್ಷರು ಕೋಥರೂಡದಲ್ಲಿ ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ಹಳೆಯ ಮರದ ಮೆಟ್ಟಿಲುಗಳನ್ನು ಬಹಳ ಪ್ರೀತಿಸುತ್ತಿದ್ದರು. ಮೊದಲ ಭೇಟಿಯಲ್ಲೇ ಅವರಿಗೆ ಒಂದು ತೊಂದರೆ ಕಾಣಿಸಿತು. ಮನೆಗಳ ಗೋಡೆಗೆಲ್ಲ ನಿಚ್ಚಣಿಕೆ ಒರಗಿಸಿಟ್ಟಿದ್ದರಿಂದ ಫೋಟೋದಲ್ಲಿ ಓಣಿಯ ಮೂಲ ಸೌಂದರ್ಯ ಬರುತ್ತಿರಲಿಲ್ಲ. ಹಾಗಾಗಿ ಬಿದಿರಿನ ಓಣಿಯನ್ನು ಕಾಪಾಡಲು ಮೊದಲು ಅಲ್ಲಿಂದ ಬಿದಿರನ್ನು ಸಾಗಿಸಿದರು. ನೆಲದ ಮೇಲಿನ ಬುಟ್ಟಿ, ತಟ್ಟಿ ಉಳಿದವು, ನಿಚ್ಚಣಿಕೆಗಳೆಲ್ಲ ಟೆಂಪೋ ಹತ್ತಿ ಊರ ಇನ್ನೊಂದು ತುದಿಯ ಧನಕವಡಿಯ ಒಂದು ಗೋದಾಮಿಗೆ ಹೋದವು. ಗಿರಾಕಿ ಬಂದರೆ ನಮ್ಮ ಅಂಗಡಿಯವನು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಿದ್ದ.

"ಮದವೀಗೆ ಹೆಣ್ಣು ತೋರಿಸಿದಂಗ ತೋರಿಸ್ಲಿಕ್ಹತ್ತಾನ ನೋಡ್ರಿ, ವಹಿನಿ," ಎನ್ನುತ್ತಿದ್ದಳು ನನ್ನನ್ನು ಮರಾಠಿಯವರಂತೆ ಅತ್ತಿಗೆ ಎಂದು ಕರೆಯುವ ಅವನ ಹೆಂಡತಿ.

ಆಮೇಲೆ ಹೆಬ್ಬಾಗಿಲು ಬಂತು. ಈ ಓಣಿಗೆ ಎಂದೂ ಹೆಬ್ಬಾಗಿಲು ಇರಲಿಲ್ಲ, ಆ ಕೊರತೆಯನ್ನು ಸಮಿತಿ ನೀಗಿಸಿತು. ಕಬ್ಬಿಣದ ಚೌಕಟ್ಟು, ಅದಕ್ಕೆ ಥರ್ಮಾಕೋಲಿನ ಹೊದಿಕೆ, ಅದರ ಮೇಲೆ ಕಪ್ಪು ಕಲ್ಲಿನ ಬಣ್ಣ. ಓಣಿಯ ಕಸುಬಿನ ಗುರುತಿಗೆ ಒಂದು ನಿಚ್ಚಣಿಕೆಯೂ ಬೇಕಿತ್ತು, ಆದರೆ ಕಲಾತ್ಮಕವಾದದ್ದು, ಹಗುರಾದದ್ದು, ಬರೀ ನೋಡಲಿಕ್ಕೆ. ಆ ಕೆಲಸ ನಮ್ಮ ಅಂಗಡಿಯವನಿಗೆ ಸಿಕ್ಕಿತು. ಕಾವಿ ಬಣ್ಣದ ನಿಚ್ಚಣಿಕೆ ಬಂದು ಹೆಬ್ಬಾಗಿಲಿನ ಪಕ್ಕ ನಿಂತಾಗ ಅಧ್ಯಕ್ಷರು ಅದನ್ನು ಸವರಿ, ಜಾನಪದದ ಜೀವಂತಿಕೆ ಎಂದರು. ಅದಕ್ಕೊಂದು ಹಲಗೆ ತೂಗುಹಾಕಿದರು: ಪ್ರದರ್ಶನಕ್ಕೆ ಮಾತ್ರ, ಭಾರ ತಡೆಯುವುದಿಲ್ಲ, ಹತ್ತಬಾರದು.

ನಾಲ್ಕು ಹತ್ತಕ್ಕೆ ನಾನು ಓಣಿಯಲ್ಲಿ ಕೊತ್ತಂಬರಿ ಕೊಳ್ಳುತ್ತಿದ್ದೆ. ಗಂಡ ಕೆಲಸದ ಮೇಲೆ ಲೋಣಾವಳಾಕ್ಕೆ ಹೋಗಿದ್ದರು. ಅತ್ತೆ ಮೇಲೆ ಒಬ್ಬರೇ ಇದ್ದರು. ದೀಪದ ವೈರು ಪಕ್ಕದ ಅಂಗಡಿಯ ತಟ್ಟಿಗಳ ರಾಶಿಯ ಮೇಲೆ ಹಾದುಹೋಗಿತ್ತು. ಒಣಬಿದಿರು ಹೊತ್ತುವಾಗ ಗೆಣ್ಣುಗಳು ಪಟಾಕಿಯಂತೆ ಸಿಡಿಯುತ್ತವೆ. ಹೆಬ್ಬಾಗಿಲಿನ ಉದ್ಘಾಟನೆಯ ಕಾರ್ಯಕ್ರಮ ಶುರುವಾಯಿತೆಂದು ತಿಳಿದು ಇಬ್ಬರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹೊಗೆ ನಮ್ಮ ಮನೆಯ ಮೆಟ್ಟಿಲಿನ ಗೂಡಿಗೆ ನುಗ್ಗಿತು. ನಾನು ಎರಡು ಸಲ ಒಳಗೆ ಓಡಿದೆ, ಎರಡು ಸಲವೂ ಕೆಮ್ಮುತ್ತ ಹೊರಬಿದ್ದೆ.

ಅಗ್ನಿಶಾಮಕ ಗಾಡಿ ಬೇಗನೇ ಬಂತು, ಬಂದು ಹೆಬ್ಬಾಗಿಲಿಗೆ ಸಿಕ್ಕಿಕೊಂಡಿತು. ಒಂದು ಕಂಬದ ಕಲ್ಲು ಕಳಚಿ ಬಿಳಿ ಥರ್ಮಾಕೋಲಿನ ಕಾಳುಗಳು ಓಣಿಯ ತುಂಬ ಹಾರಾಡಿದವು. ಪುಣೆಯಲ್ಲಿ ಹಿಮ ಬೀಳುವುದನ್ನೂ ನೋಡಿದಂತಾಯಿತು. ಕಬ್ಬಿಣ ಮಾತ್ರ ಅಲುಗಲಿಲ್ಲ. ಗಾಡಿಯ ನೆತ್ತಿಯ ಮೇಲಿದ್ದ ಏಣಿ ಅದರಡಿಯೇ ಸಿಕ್ಕಿಬಿದ್ದಿತ್ತು, ಅವರು ಗಾಡಿ ಬಿಟ್ಟು ಪೈಪು ಎಳೆಯತೊಡಗಿದರು.

ಮೇಲೆ ಮರದ ಗ್ಯಾಲರಿಯಲ್ಲಿ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದರು.

"ಯಾಕ ನಿಂತೀರಿ ಎಲ್ಲಾರೂ ಬಾಯಿ ತಕ್ಕೊಂಡು? ನಾ ಏನ್ ಗಣಪತಿ ಮೆರವಣಿಗಿ ನೋಡ್ಲಿಕ್ಕೆ ನಿಂತೀನೇನು ಇಲ್ಲೆ?"

ಇಡೀ ಬಿದಿರಿನ ಓಣಿಯಲ್ಲಿ ಆಗ ಇದ್ದದ್ದು ಒಂದೇ ನಿಚ್ಚಣಿಕೆ. ನಾನು ಅದಕ್ಕೆ ಕೈ ಹಾಕಿದೆ. ಪುಣೆಯಲ್ಲೇ ನೌಕರಿಯಲ್ಲಿದ್ದು ಸಮಿತಿಯ ಕೆಲಸಕ್ಕೆ ಶನಿವಾರಗಳಲ್ಲಿ ಬರುತ್ತಿದ್ದ ಬೆಂಗಳೂರಿನ ಐಟಿ ಹುಡುಗಿ ಇನ್ನೊಂದು ತುದಿ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು.

"ಆಂಟಿ, ಪ್ಲೀಸ್, ಬೇಡ. ಅದು ಡಿಸ್‌ಪ್ಲೇ ಪೀಸ್, ಲೋಡ್ ತಗೊಳಲ್ಲ. ಅಜ್ಜಿ ಬಿದ್ದುಬಿಡ್ತಾರೆ!"

ಅವಳ ಮಾತು ತಪ್ಪೆನ್ನುವಂತಿರಲಿಲ್ಲ. ಹಲಗೆ ನನ್ನ ಮುಖದ ಮುಂದೆಯೇ ತೂಗುತ್ತಿತ್ತು. ಹೊಗೆಯಲ್ಲಿ ಬಿಡುವುದೋ, ಮುರಿಯುವ ನಿಚ್ಚಣಿಕೆಯ ಮೇಲೆ ಇಳಿಸುವುದೋ. ನನ್ನ ಕೈ ನಿಂತುಬಿಟ್ಟಿತು. ಆಗ ನಮ್ಮ ಅಂಗಡಿಯವನು ಅಧ್ಯಕ್ಷರ ಎದುರಿಗೇ ಕೂಗಿಕೊಂಡ:

"ಬಿಡ್ರಿ ಮ್ಯಾಡಮ್! ಡಿಸ್‌ಪ್ಲೇ ಎಲ್ಲೀದು? ಹಳೇ ಮಾಲ್ ಅದ, ಪೇಂಟರ್ ಮಂದಿ ವಾಪಸ್ ಕೊಟ್ಟಿದ್ದು. ಬಣ್ಣ ಹಚ್ಚಿ ನಿಮ್ಗ ಮಾರೀನಿ! ಆನೀ ನಿಂತ್ರೂ ಮುರಿಯಂಗಿಲ್ಲ!"

"ಬೆಂಕಿ ಬಿದ್ದ ಮ್ಯಾಲ ಬಾಯಾಗ ಖರೇ ಬಂತು ನೋಡ್ರಿ," ಎಂದಳು ಹೆಂಡತಿ, ನಿಚ್ಚಣಿಕೆಯ ಬುಡಕ್ಕೆ ಭುಜ ಕೊಡುತ್ತ.

ಅವನು ಹತ್ತಿದ. ಅತ್ತೆ ಗ್ಯಾಲರಿಯ ಕಟಾಂಜನದ ಆಚೆಗೆ ಒಂದು ಕಾಲು ಇಳಿಬಿಟ್ಟರು. ಆ ಪಾದ ಗಾಳಿಯಲ್ಲಿ ಮೆಟ್ಟಿಲನ್ನು ತಡಕಾಡಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಅದನ್ನು ನಾನು ಇನ್ನೂ ನೋಡುತ್ತಿದ್ದೇನೆ. ಅನ್ನಕ್ಕೆ ಇಡುವಾಗ, ಬಸ್ಸಿನಲ್ಲಿ, ಸುಮ್ಮನೆ ಕೂತಾಗ ಬಿಳಿಚಿದ ಆ ಪಾದ ಬರುತ್ತದೆ, ತಡಕುತ್ತದೆ, ನನ್ನ ನೆನಪಿನಲ್ಲಿ ಮೆಟ್ಟಿಲು ಅದಕ್ಕೆ ಸಿಗುವುದೇ ಇಲ್ಲ. ನಿಜದಲ್ಲಿ ಸಿಕ್ಕಿತು. "ತಮ್ಮಾ, ಕೆಳಗ ನೋಡಿ ಇಳಿ, ಮ್ಯಾಲ ನೋಡಬ್ಯಾಡ," ಎಂದು ಅವನನ್ನು ಗದರುತ್ತಲೇ ಅತ್ತೆ ನೆಲಕ್ಕೆ ಬಂದರು. ಬಂದವರು ನನ್ನ ಕೈಯಲ್ಲಿ ಮುದ್ದೆಯಾಗಿದ್ದ ಕೊತ್ತಂಬರಿ ನೋಡಿ, "ಇಷ್ಟ ಬಾಡಿದ್ದು ತಂದೀಯಲ್ಲ," ಎಂದರು. ಆಮೇಲೆ ಅಲ್ಲೇ ಕುಸಿದು ಕೂತರು.

ಬೆಂಕಿ ಆರಿತು. ಪಕ್ಕದವನ ತಟ್ಟಿಗಳು ಬೂದಿಯಾದವು, ನಮ್ಮ ಮೆಟ್ಟಿಲು ಕರಕಾಯಿತು, ಬಡಗಿ ಬಂದು ಸರಿಮಾಡಿದ. ವಾರದ ನಂತರ ಸಮಿತಿ ಸಭೆ ಸೇರಿತು. ಪರಂಪರೆಗೆ ಆದ ಹಾನಿಗೆ ಅಧ್ಯಕ್ಷರು ಗದ್ಗದಿತರಾದರು. ಹಾನಿ ಎಂದರೆ ಹೆಬ್ಬಾಗಿಲಿನ ಒಂದು ಕಂಬ, ನಿಂತ ಗಡಿಯಾರ ಮತ್ತು ಸೂಚನೆ ಮೀರಿ ಬಳಸಲಾದ ಒಂದು ಕಲಾಕೃತಿ. ಅದರ ಮೇಲೆ ಅತ್ತೆಯ ಕಾಲಿನ ಮಸಿ ಮೂಡಿತ್ತು. ದುರಸ್ತಿಗೆಂದು ಅದನ್ನು ಒಯ್ದರು. ಅತ್ತೆಯ ಪ್ರಸ್ತಾಪ ಬರಲಿಲ್ಲ, ಅವರು ಬಹುಶಃ ಸಾಕಷ್ಟು ಹಳಬರಲ್ಲ. ಹೆಬ್ಬಾಗಿಲು ಎತ್ತರಿಸಲು ಒಪ್ಪಿದರು, ನಿಚ್ಚಣಿಕೆಗಳು ಮಾತ್ರ ಗೋದಾಮಿನಲ್ಲೇ ಇರಬೇಕೆಂದರು.

ಅಲ್ಲಿಂದ ನಮ್ಮ ನಿದ್ದೆ ಹೋಯಿತು. ರಾತ್ರಿ ನಾನು ಎದ್ದು ಹೊಗೆ ಮೂಸುತ್ತಿದ್ದೆ, ಗ್ಯಾಲರಿಗೆ ಹೋದರೆ ಅತ್ತೆ ಮೊದಲೇ ಅಲ್ಲಿ ಬಗ್ಗಿ ನಿಂತಿರುತ್ತಿದ್ದರು. "ನಿಚ್ಚಣಿಕಿ ಹಚ್ಚಿಲ್ಲಲ್ಲ ಇನ್ನೂ," ಎನ್ನುತ್ತಿದ್ದರು, ಬರಿಗೋಡೆ ನೋಡುತ್ತ.

ದಾರಿ ತೋರಿಸಿದ್ದು ಅಂಗಡಿಯವನ ಹೆಂಡತಿ. "ಸಮಿತಿಯವ್ರಿಗೆ ನಿಚ್ಚಣಿಕಿ ಬ್ಯಾಡ. ಕಾವಿ ಬಣ್ಣದ ನಿಚ್ಚಣಿಕಿ ಭಾಳ ಬೇಕು. ಹೌದಲ್ಲ?" ಎಂದಳು.

ಒಂದು ಭಾನುವಾರ ಟೆಂಪೋ ವಾಪಸ್ಸು ಬಂತು. ಓಣಿಗೆ ಓಣಿಯೇ ಬಣ್ಣ ಬಳಿಯಲು ಕೂತಿತು. ಸಂಜೆಯ ಹೊತ್ತಿಗೆ ಪ್ರತಿ ಮನೆಯ ಗೋಡೆಗೂ ಒಂದೊಂದು ಕಾವಿ ನಿಚ್ಚಣಿಕೆ ಒರಗಿತ್ತು, ಒಂದೊಂದಕ್ಕೂ 'ಹತ್ತಬಾರದು' ಎಂಬ ಹಲಗೆ. ಅಧ್ಯಕ್ಷರು ಬಂದರು, ಉದ್ದಕ್ಕೂ ನಡೆದರು, ಫೋಟೋ ತೆಗೆದರು. ಇಷ್ಟು ದಿನ ಓಣಿಯವರಿಗೆ ಇದರ ಬೆಲೆ ತಿಳಿದಿರಲಿಲ್ಲ ಎಂದು ಮರುಗಿ ಹೋದರು. ಬೆಂಗಳೂರಿನ ಹುಡುಗಿ ಮಾತ್ರ ನಮ್ಮ ಗೋಡೆಯದನ್ನು ಕೈಯಿಂದ ಅಲುಗಿಸಿ ನೋಡಿ, ಹಲಗೆಯನ್ನು ನೆಟ್ಟಗೆ ಮಾಡಿದಳು.

ಊಟವಾದ ಮೇಲೆ ಅತ್ತೆ ಗ್ಯಾಲರಿಗೆ ಹೋಗಿ, ಕಟಾಂಜನದ ಆಚೆ ಕಾಲು ಚಾಚಿ, ನಿಚ್ಚಣಿಕೆಯ ಮೇಲಿನ ಮೆಟ್ಟಿಲನ್ನು ಹೆಬ್ಬೆರಳಿನಿಂದ ಮುಟ್ಟಿ ಬಂದರು. ಹಾಸಿಗೆ ಹಾಸಿದರು.

ಮರುದಿನ ಸೋಮವಾರ ನಮ್ಮನ್ನು ಎಬ್ಬಿಸಿದ್ದು ಬಾಗಿಲು ಬಡಿತ. ಹಾಲಿನವನು ಕೂಗಿ ಸಾಕಾಗಿ ಹಾಲನ್ನು ಕೆಳಗೆ ಕೊಟ್ಟುಹೋಗಿದ್ದನಂತೆ. ಅಂಗಡಿಯವನ ಹೆಂಡತಿ ಪಾತ್ರೆ ಹಿಡಿದು ನಿಂತಿದ್ದಳು. ನನ್ನ ಹಿಂದೆ ಅತ್ತೆ ಇನ್ನೂ ಮಗ್ಗಲು ಬದಲಿಸಿರಲಿಲ್ಲ.

"ಏನ್ರೀ ವಹಿನಿ, ಅತ್ತಿ ಸೊಸಿ ಇಬ್ಬರೂ ಡಿಸ್‌ಪ್ಲೇ ಆಗೀರೇನು?" ಎಂದಳು.